ನಿಜಮುಖದ ನಿಯಮ

ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ಆಮೆಗೂ ಕೊಕ್ಕರೆಗೂ ಬಹಳ ಹಿಂದೆಯೇ ಮಾತಾಗಿತ್ತು. ಇವತ್ತು ಆ ಮಾತಿನ ಬುಡಕ್ಕೇ ಪೆಟ್ಟು ಬೀಳುವುದರಲ್ಲಿತ್ತು.

ಆಮೆ ಎಂದರೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವವಳು, ಇಬ್ಬರು ಮಕ್ಕಳ ತಾಯಿ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಮಗಳ ಹಳೆಯ ವಿಆರ್ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡರೆ ಅವಳು ಆಮೆ. ಕನ್ನಡಕದೊಳಗೆ ಒಂದು ಓಣಿ, ಓಣಿಯಲ್ಲೊಂದು ಕಟ್ಟೆ. ಅಲ್ಲಿಗೆ ಬರುವವರೆಲ್ಲ ಪ್ರಾಣಿ, ಪಕ್ಷಿಗಳ ವೇಷದವರು. ನಿಜವಾದ ಹೆಸರು, ಮುಖ ಯಾರಿಗೂ ಬೇಕಿರಲಿಲ್ಲ.

ಈಚೆಗೆ ಒಬ್ಬ ದಿನಕ್ಕೊಂದು ವೇಷದಲ್ಲಿ ಬಂದು ಎಲ್ಲರನ್ನೂ ಬಾಯಿಗೆ ಬಂದಂತೆ ಬಯ್ದು ಹೋಗುತ್ತಿದ್ದ. ಅವನು ಇವನಿರಬೇಕು, ಇವಳಿರಬೇಕು ಎಂದು ಓಣಿಯೇ ಕಿತ್ತಾಡತೊಡಗಿತು. ಓಣಿ ನಡೆಸುವ ಆನೆ ಸಭೆ ಕರೆದಿತ್ತು.

"ನಾಳೆಯಿಂದ ವೇಷ ಬೇಡ. ಅವರವರ ಮುಖದಲ್ಲೇ ಬರೋಣ. ಮುಖ ಕಂಡ್ರೆ ಯಾರೂ ಹಾಗೆಲ್ಲ ಬಯ್ಯಲ್ಲ."

"ಆ ಒಬ್ಬನನ್ನ ಕರೆದು ಕೂರಿಸಿ ಮಾತಾಡಿದ್ರೆ ಆಗಲ್ವಾ?" ಎಂದಿತು ಆಮೆ. ಸಭೆಯಲ್ಲಿ ಅದು ಬಾಯಿಬಿಟ್ಟದ್ದು ಇದೇ ಮೊದಲು.

ಗಿಳಿ ನಕ್ಕಿತು. "ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ ಆಮೆಯವರೇ? ಓ, ನಿಮಗೆ ಹೆಗಲೆಲ್ಲಿ!"

"ಮುಚ್ಚಿಡೋಕೆ ಏನಿದೆಯಮ್ಮ?" ಆನೆ ಕೇಳಿತು.

"ಏನಿಲ್ಲ. ತೋರಿಸೋಕೂ ಏನಿಲ್ಲ."

ಮತಕ್ಕೆ ಹಾಕಿದಾಗ ಬೇಡವೆಂದವರು ಇಬ್ಬರೇ. ಆಮೆ, ಕೊಕ್ಕರೆ. ಯಾರೋ ಸಿಳ್ಳೆ ಹೊಡೆದರು.

ಕಟ್ಟೆ ಖಾಲಿಯಾಯಿತು. ಇಬ್ಬರೂ ಎಂದಿನ ಜಾಗದಲ್ಲೇ ಉಳಿದರು. ಕಳೆದ ವರ್ಷ ಆಮೆ ಮೊದಲ ಸಲ ಇಲ್ಲಿ ಬಂದು ನಮಸ್ಕಾರ ಎಂದಾಗ, ಕೊಕ್ಕರೆ ಆ ದನಿಯ ಕಡೆ ತಟ್ಟನೆ ತಿರುಗಿ, "ಬೆನ್ನುನೋವು ಇನ್ನೂ ಇದೆಯಾ?" ಎಂದು ಕೇಳಿತ್ತು. ಅಂದಿನಿಂದ ದಿನವೂ ಪಕ್ಕಪಕ್ಕ.

"ನಾಳೆ ಬರ್ತೀಯಾ?" ಈಗ ಕೊಕ್ಕರೆ ಕೇಳಿತು.

"ನೀನು?"

"ನೀನು ಬಂದ್ರೆ."

ಆಮೆ ಕತ್ತನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಕೊಕ್ಕರೆ ಕಾಯಿತು. ಆಮೇಲೆ ಕಾಲು ಬದಲಿಸಿ ನಿಂತಿತು.

"ಚಿಕ್ಕವನಿಗೆ ಜ್ವರ ಬಿಡ್ತಾ?"

"ಬಿಡ್ತು. ಇವತ್ತು ಊಟ ಮಾಡಿದ."

"ಒಳ್ಳೇದು."

ಅಷ್ಟೇ. ಕನ್ನಡಕ ತೆಗೆದರೆ ಗಂಡ ಬಾಗಿಲಿಗೆ ಒರಗಿ ನಿಂತಿದ್ದ.

"ಆ ಕೊಕ್ಕರೆ ಗಂಡೋ ಹೆಣ್ಣೋ?"

"ನಾನು ಕೇಳಿಲ್ಲ."

"ವರ್ಷದಿಂದ ಅಂಟ್ಕೊಂಡು ಕೂತಿದೀಯ, ಕೇಳಿಲ್ವಾ?"

"ಇನ್ಮೇಲೆ ಕೂರಲ್ಲ ಬಿಡಿ."

ಕನ್ನಡಕವನ್ನು ಅವನ ಕೈಗಿಟ್ಟಳು. ಅವನಿಗೆ ಅರ್ಧ ಸಮಾಧಾನ, ಅರ್ಧ ಅನುಮಾನ. ಅತ್ತಿದ್ದಾಳೆಯೇ ಎಂದು ಮುಖ ನೋಡಿದ. ಅತ್ತಿರಲಿಲ್ಲ. ಅವಳು ಊಟದ ಡಬ್ಬಿಗಳನ್ನು ಬೋರಲು ಹಾಕಿ, ದೀಪ ಆರಿಸಿ ಮಲಗಿದಳು.

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಆನೆಯ ಸಂದೇಶ ಬಂತು. ನಿಜಮುಖದ ನಿಯಮ ಇಂದಿನಿಂದ ಜಾರಿ, ಜಗಳ ಬಗೆಹರಿದಿದೆ, ಸಹಕರಿಸಿದ ಎಲ್ಲರಿಗೂ ಧನ್ಯವಾದ. ಓದಿ ಫೋನನ್ನು ಚೀಲಕ್ಕೆ ಹಾಕಿದಳು. ಬಾಗಿಲು ತೆರೆದಳು.

ಎದುರು ಬಾಗಿಲೂ ಆಗಲೇ ತೆರೆಯಿತು. ಅಮ್ಮ ಇದ್ದಾಗ, ಅವಳಿಗೆ ಹೆಣ್ಣುಮಕ್ಕಳಿಬ್ಬರ ಮನೆಗೂ ಓಡಾಡಲು ಸುಲಭವಾಗಲೆಂದು ಎದುರುಬದುರು ಹಿಡಿದ ಮನೆಗಳು. ಅಮ್ಮನ ಹೆಣದ ಮುಂದೆ ಕಿತ್ತಾಡಿ, ಇನ್ನು ನಿನ್ನ ಮುಖ ನೋಡಲ್ಲ ಎಂದು ಆಣೆಯಿಟ್ಟ ದಿನದಿಂದ ಮಾಡುತ್ತ ಬಂದಂತೆ ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು. ತಂಗಿ, ಎಂದರೆ ಕೊಕ್ಕರೆ, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋದಳು.

ಮಾತು ಉಳಿಯಿತು.