ಹಿಂದಿನ ಡಬ್ಬಿ ಮುಂದಾದ ಮಧ್ಯಾಹ್ನ

ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ಸಾಂತಾಕ್ರೂಜಿನ ನಮ್ಮ ಚಾಳಿನ ಖೋಲಿ ಕಣ್ಣಿಗೆ ಕಟ್ಟುತ್ತದೆ.

ನಾವು ಹಳಿಯಾಳದ ಕಡೆಯ ಸಿದ್ದಿಗಳು. ನಮ್ಮದು ಬಾಚಣಿಗೆಯ ಹಲ್ಲು ಮುರಿಯುವಂಥ ಗುಂಗುರು ಕೂದಲು. "ಒಣ ಕೂದ್ಲಕ್ಕ ಹಣಿಗಿ ಹಚ್ಚಬ್ಯಾಡ್ರಿ. ಮೊದ್ಲ ಎಣ್ಣಿ, ಆಮ್ಯಾಲೆ ಬೆರಳು" ಎನ್ನುತ್ತಿದ್ದಳು ಅಜ್ಜಿ. ಭಾನುವಾರ ಮಧ್ಯಾಹ್ನ ನೆಲದ ಮೇಲೆ ಒಬ್ಬರ ಹಿಂದೊಬ್ಬರು ಕೂರುತ್ತಿದ್ದೆವು: ಮುಂದೆ ನಾನು, ನನ್ನ ಹಿಂದೆ ಚಿಕ್ಕವ್ವ, ಅವಳ ಹಿಂದೆ ಅವ್ವ, ಕೊನೆಗೆ ಅಜ್ಜಿ. ಹಿಂದಿನವರು ಮುಂದಿನವರ ತಲೆಗೆ ಎಣ್ಣೆ ತಿಕ್ಕಬೇಕು. ಚಿಕ್ಕವ್ವ ರೈಲಿನಂಥ ಆ ಸಾಲಿಗೆ 'ನಮ್ಮನಿ ಲೋಕಲ್' ಎಂದು ಹೆಸರಿಟ್ಟಿದ್ದಳು.

ಏಳು ವರ್ಷದ ನಾನು ಒಂದು ಭಾನುವಾರ ಹೊರಳಿ ನೋಡಿದೆ. ಅಜ್ಜಿಯ ಹಿಂದೆ ಗೋಡೆ ಮಾತ್ರ ಇತ್ತು. ಅವಳ ಬಿಳಿ ಕೂದಲು ಒಣಗಿ ಗಂಟುಗಟ್ಟಿತ್ತು.

"ಚರ್ಚ್‌ಗೇಟ್ ಬಂತು! ಎಲ್ಲಾರೂ ಹೊಳ್ಳಿ ಕೂಡ್ರಿ!" ಎಂದು ಕೂಗಿದೆ. ಆ ಕೊನೆಯ ಸ್ಟೇಷನ್ನಿನಲ್ಲಿ ಲೋಕಲ್ ರೈಲು ತಿರುಗುವುದಿಲ್ಲ. ಹಿಂದಿನ ಡಬ್ಬಿಯೇ ಮುಂದಾಗಿ ಹೊರಡುತ್ತದೆ.

ನಗುತ್ತ ಎಲ್ಲರೂ ಕೂತಲ್ಲೇ ತಿರುಗಿದರು. ಅವ್ವನ ಹತ್ತೂ ಬೆರಳು ಅಜ್ಜಿಯ ಕೂದಲೊಳಗೆ ಮುಳುಗಿದವು. "ನನಗ್ಯಾಕ ಬೇಕವಾ ಇದೆಲ್ಲಾ" ಎನ್ನುತ್ತಲೇ ಅಜ್ಜಿ ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕವ್ವ, "ಮುಗೀತನ?" ಎಂದಳು.

ಅಜ್ಜಿ ಕಣ್ಣು ತೆರೆಯಲಿಲ್ಲ. "ಇದು ಸ್ಲೋ ಗಾಡಿ. ಎಲ್ಲಾ ಸ್ಟೇಷನ್ನಿಗೂ ನಿಂದ್ರತೈತಿ."