ನೀಲಿ ಗಿಂಡಿಯ ನೀರು

"ಕಾಗದ ಕೊಡಿ ಪಂಡಿತರೇ, ಹುಡುಗ ಹುಟ್ಟಿದ ದಿನ, ಗಳಿಗೆ ಇಲ್ಲೇ ಬರೆದುಕೊಟ್ಟುಬಿಡ್ತೀನಿ," ಎಂದರು ಹ್ವಾಂಗ್ಬೊ.

ಗಂಡಿನ ಅಪ್ಪ ಅದನ್ನು ಬರೆದುಕೊಟ್ಟರೆ ಮದುವೆ ಗಟ್ಟಿಯಾದ ಹಾಗೆ. ಹೆಣ್ಣಿನ ಅಪ್ಪ ನಾಮ್‌ಗುಂಗ್ ಪಂಡಿತರು ಕುಣಿದಾಡಬೇಕಿತ್ತು. ಆದರೆ ಬಂದವರ ಕೈ ಮೇಜಿನ ಮೇಲಿನ ಪಿಂಗಾಣಿ ಗಿಂಡಿಯತ್ತ ಹೊರಟಿದ್ದು ಕಂಡು ಅವರ ಜೀವ ಬಾಯಿಗೆ ಬಂತು. ಮುಷ್ಟಿಯಲ್ಲಿ ಅಡಗುವ ಗಿಂಡಿ. ಪೀಚ್ ಹಣ್ಣಿನ ಆಕಾರ, ಬಿಳಿ ಮೈ, ನೀಲಿ ಎಲೆ. ಮಸಿ ತೇಯುವ ಕಲ್ಲಿಗೆ ಹನಿ ಹನಿಯಾಗಿ ನೀರು ಬಿಡಲು ಇಟ್ಟದ್ದು. ಹೆಂಡತಿ ಕುಡಿತ ಬಿಡಿಸಿದಂದಿನಿಂದ ಅದರಲ್ಲಿ ಇದ್ದದ್ದು ಮಾತ್ರ ಒಳ್ಳೇ ಅಕ್ಕಿ ಸಾರಾಯಿ. ಈ ಹ್ವಾಂಗ್ಬೊ ಮಹಾಶಯರೋ, ಸಾರಾಯಿ ವಾಸನೆ ಬಂತು ಅಂತ ಹೋದ ವರ್ಷ ಒಂದು ಸಂಬಂಧವನ್ನೇ ಮುರಿದು ಎದ್ದುಬಂದವರು!

ಪಂಡಿತರು ಗಬಕ್ಕನೆ ಗಿಂಡಿ ಎತ್ತಿಕೊಂಡರು. "ನೀವು ಕೂತ್ಕೊಳ್ಳಿ, ಮಸಿ ನಾನು ತೇಯ್ತೀನಿ." ಮೇಲಿನ ಗಾಳಿತೂತಿಗೆ ಬೆರಳು ಒತ್ತಿ ಬಗ್ಗಿಸಿದರು. ಒಂದು ಹನಿಯೂ ಬೀಳಲಿಲ್ಲ. "ಅಯ್ಯೋ, ಖಾಲಿ! ಬಾವಿಯಿಂದ ತುಂಬಿಸ್ಕೊಂಡು ಬಂದೆ, ತಾಳಿ."

"ಬೆರಳು ತೆಗೀರಿ ಪಂಡಿತರೇ."

"ಯಾವ ಬೆರಳು?"

"ತೂತು ಮುಚ್ಚಿದ್ದೀರಲ್ಲ, ಅದು. ಆ ಆಟ ನಂಗೂ ಗೊತ್ತು."

ಮಗಳ ಹಣೆಬರಹ ಇಷ್ಟೇ ಅಂದುಕೊಂಡು ಪಂಡಿತರು ಕಣ್ಣುಮುಚ್ಚಿ ಬೆರಳು ತೆಗೆದರು. ಟಪ್, ಟಪ್. ಹ್ವಾಂಗ್ಬೊ ಕಲ್ಲಿನ ಮೇಲೆ ಮೂಗನ್ನೇ ಇಟ್ಟು ಎಳೆದೆಳೆದು ಮೂಸಿದರು. ಅವರ ಮುಖ ಬಾಡಿಹೋಯಿತು.

"ಬರೀ ನೀರಾ?"

"ನೀರಾ!" ಪಂಡಿತರೂ ಬಾಯಿಬಿಟ್ಟರು.

ಕಾಗದದ ಬಾಗಿಲಾಚೆ ಪಂಡಿತರ ಹೆಂಡತಿ ಕೆಮ್ಮಿದರು. ಬೇರೆ ಗಂಡಸರ ಮುಂದೆ ಬರುವಂತಿಲ್ಲ, ಮಾತಾಡಲು ಅಡ್ಡಿಯಿಲ್ಲ. "ನೀರಿನ ಗಿಂಡಿಯಲ್ಲಿ ಇನ್ನೇನಿರತ್ತೆ? ಬೆಳಿಗ್ಗೆ ನಾನೇ ತೊಳೆದು ತುಂಬಿಟ್ಟಿದ್ದು."

ಅದೇ ನೀರಲ್ಲಿ ಮಸಿ ತೇಯ್ದು ಹ್ವಾಂಗ್ಬೊ ತಮ್ಮ ಮಗ ಹುಟ್ಟಿದ ದಿನ, ಗಳಿಗೆ ಬರೆದರು. ಪಂಡಿತರಿಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಟೋಪಿಯ ದಾರ ಕಟ್ಟಿಕೊಳ್ಳುತ್ತಾ ಹ್ವಾಂಗ್ಬೊ ಪಂಡಿತರ ಕಿವಿಗೆ ಬಾಯಿಟ್ಟರು. "ಬೀಗರೇ, ಹುಣ್ಣಿಮೆಗೆ ನಮ್ಮನೆಗೆ ಬನ್ನಿ. ನಂದು ಮೀನಿನ ಆಕಾರದ ಗಿಂಡಿ, ಇದರ ಎರಡರಷ್ಟು ಹಿಡಿಯತ್ತೆ. ವಾಸನೆ ಅಂತ ಹೋದ ವರ್ಷ ಆ ಸಂಬಂಧ ಮುರಿಸಿದ್ದು ನಮ್ಮವಳು. ಅವಳಿಗೆ ಇದು ಇನ್ನೂ ಗೊತ್ತಿಲ್ಲ."

ಬಾಗಿಲಾಚೆ ಮತ್ತೆ ಕೆಮ್ಮು.

"ನಾನೂ ಬರ್ತೀನಿ ಬೀಗರೇ. ಬೀಗಿತ್ತಿಯವರ ಹತ್ರ ಸ್ವಲ್ಪ ಮಾತಾಡೋದಿದೆ."