ಹೆಲ್ಮೆಟ್ಟಿನ ದೊಡ್ಡಪತ್ರೆ

ಚಂದ್ರನ ಮೇಲಿನ ನಮ್ಮೂರಲ್ಲಿ ಧೂಳಿನ ಕೆಮ್ಮು ಎಲ್ಲರಿಗೂ ಇದ್ದದ್ದೇ. ಅದಕ್ಕೆ ದೊಡ್ಡಪತ್ರೆ ಎಷ್ಟು ಗುಣ ಕೊಡುತ್ತದೆಂದು ಆರು ವರ್ಷದಿಂದ ಪರೀಕ್ಷಿಸುತ್ತಿದ್ದ ನಾನು, ಕೀಲಿ ಹಾಕಿದ ಕೋಣೆಯಲ್ಲಿ ನಲವತ್ತು ಕುಂಡಗಳಲ್ಲಿ ಅದನ್ನು ಬೆಳೆಸಿದ್ದೆ. ಇವತ್ತು ಹೀಟರ್ ಕೆಟ್ಟು ಅಷ್ಟೂ ಗಿಡಗಳು ಹೆಪ್ಪುಗಟ್ಟಿ ಸತ್ತವು.

ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಕಸ ಗುಡಿಸುವ ನೀಲವ್ವ ಬಂದಳು.

"ಬೈಬ್ಯಾಡ್ರಿ ಅಕ್ಕಾರ. ಕಸ ಹೊಡಿಯಾಕ ಬಂದಾಗೆಲ್ಲ ಒಂದೊಂದು ಟೊಂಗಿ ಮುರಕೊಂಡು ಹೋಗಿ ಓಣ್ಯಾಗ ಹಂಚೀನಿ. ಬರ್ರಿ, ತೋರಸ್ತೀನಿ."

ಅವಳ ಹಿಂದೆ ಓಣಿಗೆ ಹೋದೆ. ಮನೆಮನೆಯ ಕಿಟಕಿಯಲ್ಲೂ ಹಳೆಯ ಹೆಲ್ಮೆಟ್ಟಿನೊಳಗೆ ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು. ಯಾರು ಬಜ್ಜಿ ಕರಿದರು, ಯಾರು ಚಟ್ನಿ ಅರೆದರು, ಯಾರ ಕೆಮ್ಮು ಎಷ್ಟು ದಿನಕ್ಕೆ ನಿಂತಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ನನಗೆ ಆರು ವರ್ಷದಲ್ಲಿ ಅಷ್ಟು ಸಿಕ್ಕಿರಲಿಲ್ಲ.

ಕೈಮುಗಿದೆ. ಅವಳು ಒಂದು ಟೊಂಗೆ ಮುರಿದು ನನ್ನ ಕೈಗಿಟ್ಟಳು.

"ಮಣ್ಣಾಗ ಹಚ್ರಿ. ಈ ಸಲ ಕೀಲಿ ಹಾಕಬ್ಯಾಡ್ರಿ."